ಕಿವಿಯ ಸರದಿ

ಜನವರಿ ೧೧

ಚಿಗರೆ,

ಭಾವನ ಕೈಬರಹ ನೋಡಿದ ಕೂಡಲೇ ಹೆದರಿರುತ್ತೀ. ಹೆದರಬೇಡ, ಯಾರೂ ಸತ್ತಿಲ್ಲ. ಫೋನಿನಲ್ಲಿ ಮಾತಾಡಲು ನನಗೆ ನಾಚಿಕೆ, ಅಷ್ಟೇ. ತಲೆಗೆ ಪೆಟ್ಟು ಬಿದ್ದ ಮೇಲೆ ಚಮಚ ಕೊಡು ಅನ್ನಲು ಹೋಗಿ ಫ್ರೇಮು ಕೊಡು ಅನ್ನುತ್ತೇನೆ. ಇಪ್ಪತ್ತೆರಡು ವರ್ಷ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿದ್ದಕ್ಕೆ ಸಿಕ್ಕ ಫಲ ಇದು. ಪೆನ್ನು ಹಿಡಿದರೆ ಪದ ಹುಡುಕಲು ಪುರುಸೊತ್ತು ಸಿಗುತ್ತದೆ. ಮಾತು ಕಲಿಸುವ ಟೀಚರಮ್ಮ ಹೋಮ್‌ವರ್ಕ್ ಕೊಟ್ಟಿದ್ದಾರೆ: ಪತ್ರ ಬರೆಯಬೇಕು, ಬಂದ ಉತ್ತರವನ್ನು ಮನೆಯಲ್ಲಿ ಜೋರಾಗಿ ಓದಬೇಕು. ಐವತ್ತನೇ ವಯಸ್ಸಿನಲ್ಲಿ ಹೋಮ್‌ವರ್ಕ್! ಓದುವವನು ನಾನು, ಕೇಳುವವಳು ನಿನ್ನ ಅಕ್ಕ. ಆದ್ದರಿಂದ ಅಕ್ಷರ ಸ್ವಲ್ಪ ದುಂಡಗಿರಲಿ.

ಅಪಘಾತವಾಗಿ ಏಳು ತಿಂಗಳಾಯಿತು. ನೀನು ಬೇರೆ ಊರಿಗೆ ವರ್ಗ ಮಾಡಿಸಿಕೊಂಡು ಹೋಗಿ ಐದು. ಆಸ್ಪತ್ರೆಯಲ್ಲಿ ನಾನು ಯಾರು ಯಾರೆಂದು ಗುರುತು ಹಿಡಿಯುವಷ್ಟರಲ್ಲಿ ನೀನಿರಲಿಲ್ಲ. ಲಿಫ್ಟು ರಿಪೇರಿ ಮಾಡುವವನಿಗೆ ಎಲ್ಲ ಊರಲ್ಲೂ ಕೆಲಸವಿದೆ, ಒಪ್ಪಿದೆ. ಒಂದು ಮಾತು ಹೇಳಿ ಹೋಗಬಹುದಿತ್ತು.

ಇರಲಿ, ಈಗ ನಿನ್ನಿಂದ ಒಂದು ಕೆಲಸ ಆಗಬೇಕು. ನನ್ನ ಎಡಗಾಲು ಹೇಳಿದ ಮಾತು ಕೇಳುವುದಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ ಬಲಗಾಲು ಒಂದು ಕಡೆ, ಎಡಗಾಲು ಇನ್ನೊಂದು ಕಡೆ. ಆದರೆ ಸಮನಾದ ತಾಳದ ಹಾಡು ಹಾಕಿದರೆ ಎರಡೂ ಜಗಳ ಬಿಟ್ಟು ಒಟ್ಟಿಗೆ ನಡೆಯುತ್ತವೆ. ವ್ಯಾಯಾಮ ಮಾಡಿಸುವಾಕೆ ಇದನ್ನು ಕಂಡುಹಿಡಿದು, ಜೇಬಿನಲ್ಲಿ ಇಟ್ಟುಕೊಳ್ಳುವ ಚಿಕ್ಕ ಮ್ಯೂಸಿಕ್ ಪ್ಲೇಯರ್ ತೊಗೊಳ್ಳಿ, ಮನೆಯೊಳಗೂ ಹಾಕಿಕೊಳ್ಳಿ, ಹೊರಗೆ ನಡೆಯುವಾಗಲೂ ಹಾಕಿಕೊಳ್ಳಿ ಎಂದಿದ್ದಾರೆ. ಫೋನು ಆಗುವುದಿಲ್ಲ. ಬೆರಳು ನಡುಗಿ ಗಾಜಿನ ಮೇಲೆ ಎಲ್ಲೆಲ್ಲೋ ಒತ್ತುತ್ತದೆ, ನಡುವೆ ಯಾರಾದರೂ ಕರೆ ಮಾಡಿದರೆ ತಾಳ ತಪ್ಪಿ ನಾನು ಗೋಡೆಗೆ.

ಅಂಗಡಿಯ ಯಜಮಾನರು ನನ್ನ ಕುರ್ಚಿಯನ್ನು ಮೇ ಕೊನೆಯವರೆಗೆ ಇಟ್ಟಿರುತ್ತಾರಂತೆ. ಬಸ್ಸಿಳಿದು ಅಲ್ಲಿಗೆ ಆರುನೂರು ಹೆಜ್ಜೆ, ನಡುವೆ ಒಂದು ರಸ್ತೆ. ಅಷ್ಟು ನಡೆದರೆ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ಕಿಟಕಿ ಪಕ್ಕ ಕೂತು ಕಾಗೆ ಎಣಿಸುತ್ತೇನೆ. ಯಾವ ಪ್ಲೇಯರ್ ಒಳ್ಳೆಯದು ಎಂದು ನಿನಗಿಂತ ಚೆನ್ನಾಗಿ ಬಲ್ಲವರು ನಮ್ಮ ಮನೆಯಲ್ಲಿ ಯಾರಿದ್ದಾರೆ?

ಚಮಚಕ್ಕೆ ಫ್ರೇಮು ಅನ್ನುವ
ನಿನ್ನ ಭಾವ


ಜನವರಿ ೩೦

ಭಾವನವರಿಗೆ,

ನಿಮ್ಮ ಕಾಗದ ತಲುಪಿತು. ಉತ್ತರ ತಡವಾಯಿತು. ಇಲ್ಲಿ ಹದಿನಾಲ್ಕು ಮಹಡಿಯ ಒಂದು ಕಟ್ಟಡದಲ್ಲಿ ಎರಡೂ ಲಿಫ್ಟು ಕೆಟ್ಟು ಕೂತಿದ್ದವು.

ಪ್ಲೇಯರ್ ಬಗ್ಗೆ ವಿಚಾರಿಸಿದೆ. ಅಂಗಡಿಯಲ್ಲಿ ಮೂರು ಬಗೆಯವು ಕಂಡವು. ಮೊದಲನೆಯದು ದೊಡ್ಡ ಪರದೆಯದು, ನೋಡಲು ಫೋನಿನ ಹಾಗೆಯೇ. ಧ್ವನಿ ತುಂಬ ಚೆನ್ನಾಗಿದೆ, ಆದರೆ ಭಾರ, ಬಿದ್ದರೆ ಗಾಜು ಒಡೆಯುತ್ತದೆ. ಎರಡನೆಯದು ಕಡ್ಡಿಯ ಹಾಗೆ ಉದ್ದ, ನೇರ ಕಂಪ್ಯೂಟರಿಗೆ ಚುಚ್ಚಿ ಹಾಡು ತುಂಬಬಹುದು. ಬಟನ್‌ಗಳು ಮಾತ್ರ ಎಳ್ಳಿನ ಗಾತ್ರ. ಮೂರನೆಯದು ಅಂಗಿಗೆ ಸಿಕ್ಕಿಸುವ ಕ್ಲಿಪ್ ಇರುವಂಥದು, ಇಪ್ಪತ್ತೆರಡು ಗ್ರಾಂ, ಬೆವರಿಗೆ ಹೆದರುವುದಿಲ್ಲ, ಒಮ್ಮೆ ಚಾರ್ಜ್ ಮಾಡಿದರೆ ಹದಿನೆಂಟು ಗಂಟೆ. ನಾನು ಮೂರನ್ನೂ ಒಂದೊಂದು ದಿನ ಎರವಲು ತಂದು ಆ ಹದಿನಾಲ್ಕು ಮಹಡಿಯ ಮೆಟ್ಟಿಲು ಹತ್ತಿ ಇಳಿದು ನೋಡುತ್ತೇನೆ.

ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಬಟನ್ ಹುಡುಕಲು ಕಣ್ಣು ಕೆಳಗೆ ಹೋಗಬಾರದು. ಬೆರಳಿಗೇ ತಿಳಿಯಬೇಕು. ಇದೊಂದರಲ್ಲಿ ರಾಜಿ ಬೇಡ.

ನಿಮಗೆ ಎಷ್ಟು ಹಾಡು ಬೇಕು, ವೈರು ಬೇಕೋ ಬೇಡವೋ, ಯಾವ ಕೈ ಹೆಚ್ಚು ನಡುಗುತ್ತದೆ, ತಿಳಿಸಿ. ಅಕ್ಕನಿಗೆ ನಮಸ್ಕಾರ ಹೇಳಿ.

ಇಂತಿ,
ನಿಮ್ಮ ಭಾಮೈದ


ಫೆಬ್ರವರಿ ೧೩

ಚಿಗರೆ,

ನಿನ್ನ ಕಾಗದ ಓದಲು ಮುಕ್ಕಾಲು ಗಂಟೆ ಹಿಡಿಯಿತು. ಸಾಲಿಗೆ ನಾಲ್ಕು ಕಡೆ ನಿಂತೆ. 'ಇಪ್ಪತ್ತೆರಡು ಗ್ರಾಂ' ಎಂಬಲ್ಲಿ ಹಲ್ಲು ಉದುರುವುದೊಂದು ಬಾಕಿ. ನಿನ್ನ ಅಕ್ಕ ಪಾತ್ರೆ ಉಜ್ಜುತ್ತ ಕೇಳಿಸಿಕೊಂಡಳು. ಕೊನೆಗೆ ಅಂದದ್ದು ಇಷ್ಟು: "ಹೇಗಿದೀರಿ ಅಂತ ಒಂದ್ಸಲನೂ ಕೇಳ್ಲಿಲ್ವಲ್ಲ ಅವನು. ತೂಕ ಹೇಳೋಕೆ ಇವನೇನು ತಕ್ಕಡಿನಾ?"

ಕೇಳಿದ್ದಕ್ಕೆ ಉತ್ತರ: ಎಡಗೈ ಹೆಚ್ಚು ನಡುಗುತ್ತದೆ. ವೈರು ಬೇಡ, ಊರುಗೋಲಿಗೆ ಸುತ್ತಿಕೊಳ್ಳುತ್ತದೆ. ಮೂವತ್ತು ಹಾಡು ಸಾಕು. ಇನ್ನೊಂದು ಬೇಕು, ಅದು ಎಲ್ಲಕ್ಕಿಂತ ಮುಖ್ಯ. ಧ್ವನಿಯನ್ನು ಒಂದು ಮಟ್ಟಕ್ಕೆ ಬೀಗ ಹಾಕಿ ಇಡುವಂಥದು ಸಿಗುತ್ತದೆಯೇ? ನಾನೇ ಜೋರು ಮಾಡಲು ಹೋದರೂ ಆಗಬಾರದು.

ಟೀಚರಮ್ಮನಿಗೆ ನಮ್ಮ ಕಿವಿಯ ಸರದಿಯ ಕಥೆ ಹೇಳಿದೆ. ದಿನಾ ಬೆಳಿಗ್ಗೆ ಓಡುವವರು ಇಬ್ಬರು, ಒಂದೇ ಪ್ಲೇಯರ್. ಒಬ್ಬನಿಗೆ ಹಾಡು, ಇನ್ನೊಬ್ಬ ರಸ್ತೆಗೆ ಕಿವಿ. ಗಾಡಿ ಬಂದರೆ ಕಿವಿಯಾದವನು ಹಾಡಿನವನ ಮೊಣಕೈ ತಟ್ಟಬೇಕು. ಅರ್ಧ ದಾರಿಗೆ ಅದಲು ಬದಲು. ಒಂಬತ್ತು ವರ್ಷ ಹಾಗೆ ಓಡಿದೆವು, ಒಂದು ಗೀರೂ ಬೀಳಲಿಲ್ಲ ಎಂದು ಹೇಳಿದೆ. ಆಕೆ ನಕ್ಕು, "ಎರಡು ಪ್ಲೇಯರ್ ತೊಗೊಳ್ಳೋಕೆ ಏನಾಗಿತ್ತು ನಿಮಗೆ?" ಅಂದರು. ತೊಗೊಂಡಿದ್ದರೆ ಜೊತೆಯಲ್ಲಿ ಓಡುವುದು ಯಾಕೆ ಅಂದೆ.

ಅಪಘಾತದ ಬೆಳಿಗ್ಗೆ ನನಗೆ ಒಂದಿಷ್ಟೂ ನೆನಪಿಲ್ಲ. ಬೂಟಿನ ಲಾಡಿ ಕಟ್ಟಿದ್ದು ನೆನಪಿದೆ, ಆಮೇಲೆ ಆಸ್ಪತ್ರೆಯ ಸೀಲಿಂಗು. ಉಳಿದದ್ದೆಲ್ಲ ನೀನು ಹೇಳಿ ಅಕ್ಕನಿಂದ ನನಗೆ ಬಂದದ್ದು. ಬೇಕರಿಯ ಓಣಿಯಿಂದ ಬ್ರೆಡ್ಡಿನ ವ್ಯಾನು ಹಿಂದಕ್ಕೆ ಬಂತು. ನೀನು ಐದಾರು ಹೆಜ್ಜೆ ಹಿಂದಿದ್ದೆ, ಮೊಣಕೈ ಸಿಗಲಿಲ್ಲ, ಕೂಗಿದೆ, ನನಗೆ ಕೇಳಲಿಲ್ಲ. ನಾನು ಅಷ್ಟು ಜೋರಾಗಿ ಹಾಡು ಹಾಕಿಕೊಂಡಿದ್ದೆ. ನಿನ್ನ ಅಕ್ಕ ಆ ಪ್ಲೇಯರನ್ನು ಆಸ್ಪತ್ರೆಯ ಕಸದ ಬುಟ್ಟಿಗೆ ಎಸೆದಳಂತೆ. ಹೊಸದು ಮನೆಯೊಳಗೆ ಬರಕೂಡದು ಅನ್ನುತ್ತಿದ್ದಾಳೆ. ಬೀಗ ಹಾಕಿದ ಧ್ವನಿ ಎಂದರೆ ಒಪ್ಪಬಹುದು.

ಹೊರಗೆ ನಡೆಯಲು ಕಾಲಿನ ಮೇಲಿರುವಷ್ಟು ನಂಬಿಕೆಯೂ ಕಿವಿಯ ಮೇಲೆ ಇಲ್ಲ ನನಗೆ. ಸ್ವಂತ ಭಾಮೈದ ಕಿರುಚಿದರೂ ಕೇಳದವನು ರಸ್ತೆ ದಾಟುವುದು ಹೇಗೆ?

ನಿನ್ನ ಭಾವ


ಮಾರ್ಚ್ ೪

ಭಾವನವರಿಗೆ,

ಹೇಗಿದ್ದೀರಿ? ಅಕ್ಕ ಹೇಗಿದ್ದಾಳೆ?

ಪಾರ್ಸೆಲ್ ಇಂದು ಕಳಿಸಿದ್ದೇನೆ. ಕ್ಲಿಪ್ ಇರುವುದನ್ನೇ ಆರಿಸಿದೆ. ದೊಡ್ಡ ಪರದೆಯದು ಆರನೇ ಮಹಡಿಯಲ್ಲಿ ಜೇಬಿನಿಂದ ಹಾರಿ ಮೆಟ್ಟಿಲ ಮೇಲೆ ಬಿತ್ತು. ಅಂಗಡಿಯವನಿಗೆ ಸಮಾಧಾನ ಹೇಳಿ ಬಂದೆ. ಕಡ್ಡಿಯಂಥದರಲ್ಲಿ ಹಾಡು ಬದಲಿಸಲು ಪ್ರತಿ ಸಲ ನಿಂತು ನೋಡಬೇಕು. ಇದರಲ್ಲಿ ಐದೇ ಬಟನ್, ನಡುವಿನದಕ್ಕೆ ಒಂದು ಉಬ್ಬು ಇದೆ. ನಾನು ಕಣ್ಣು ಮುಚ್ಚಿ, ಕೆಲಸದ ದಪ್ಪ ಗ್ಲೌಸ್ ಹಾಕಿಕೊಂಡು ಒತ್ತಿ ನೋಡಿದೆ. ತಪ್ಪಲಿಲ್ಲ. ಬಲ ಎದೆಗೆ ಸಿಕ್ಕಿಸಿಕೊಳ್ಳಿ.

ಧ್ವನಿಗೆ ಮಿತಿ ಹಾಕುವ ಸೌಕರ್ಯ ಇದೆ, ಅರ್ಧಕ್ಕೆ ನಿಲ್ಲಿಸಿದ್ದೇನೆ. ಜೊತೆಗಿರುವ ಹೆಡ್‌ಫೋನ್ ಕಿವಿಯೊಳಗೆ ಹೋಗುವುದಿಲ್ಲ. ಕಿವಿಯ ಮುಂದೆ, ಕೆನ್ನೆಯ ಮೂಳೆಯ ಮೇಲೆ ಕೂರುತ್ತದೆ. ಹಾಡು ಮೂಳೆಯ ಮೂಲಕ ಬರುತ್ತದೆ, ಕಿವಿಯ ತೂತು ಪೂರ್ತಿ ತೆರೆದೇ ಇರುತ್ತದೆ. ತಲೆಗೆ ಪೆಟ್ಟಾಗಿರುವುದರಿಂದ ಡಾಕ್ಟರನ್ನು ಒಂದು ಮಾತು ಕೇಳಿಯೇ ಹಾಕಿಕೊಳ್ಳಿ. ಮೂವತ್ತೆರಡು ಹಾಡು ತುಂಬಿದ್ದೇನೆ. ಎಲ್ಲವನ್ನೂ ನಿಮ್ಮ ನಡಿಗೆಗೆ ಬೇಕಾದ ಒಂದೇ ವೇಗಕ್ಕೆ ಎಣಿಸಿ ಆರಿಸಿದ್ದು.

ಆ ಕೂಗಿನ ವಿಷಯ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಆದದ್ದು ಆಗಿಹೋಯಿತು.

ನಿಮ್ಮ ಭಾಮೈದ


ಮಾರ್ಚ್ ೧೭

ಚಿಗರೆ,

ಪಾರ್ಸೆಲ್ ಬಂತು. ನಿನ್ನ ಅಕ್ಕ ಅದನ್ನು ತೆಗೆದುಕೊಂಡು ಹೋಗಿ ಬೀರುವಿನ ಮೇಲಿಟ್ಟಳು. ನನ್ನ ಕೈ ಅಲ್ಲಿಗೆ ಎಟಕುವುದಿಲ್ಲ ಎಂದು ಅವಳಿಗೆ ಗೊತ್ತು. ಮೂರು ದಿನ ನಾನು ಬೀರುವಿನ ಮುಂದೆ ನಿಂತು ನಿಂತು ಬಂದೆ. ನಾಲ್ಕನೇ ದಿನ ಅವಳೇ ಇಳಿಸಿ, ತನ್ನ ತಲೆಗೆ ಹಾಕಿಕೊಂಡು, ಅಡುಗೆಮನೆಯ ನಲ್ಲಿ ಬಿಟ್ಟು ನೋಡಿದಳು. "ನೀರಿನ ಸದ್ದು ಕೇಳ್ಸತ್ತೆ," ಅಂದಳು. ಅದಾದ ಮೇಲೆ ಕೊಟ್ಟಳು. ಡಾಕ್ಟರೂ ಆಗಬಹುದು ಎಂದರು.

ಒಳ್ಳೆಯ ಆಯ್ಕೆ ಕಣೋ. ಹಾಲಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಾಲಿಗೆ, ದಿನಕ್ಕೆ ಎಂಟುನೂರು ಹೆಜ್ಜೆ. ಆ ಉಬ್ಬಿದ ಬಟನ್ ಕತ್ತಲಲ್ಲೂ ಸಿಗುತ್ತದೆ. ಎಡಗಾಲು ಮರ್ಯಾದೆಯಿಂದ ಬರುತ್ತಿದೆ. ಆದರೆ ಗೇಟು ದಾಟಲು ಆಗುತ್ತಿಲ್ಲ. ಮೂರು ಸಲ ಚಿಲಕ ತೆಗೆದೆ, ಮೂರು ಸಲವೂ ಮೈಯೆಲ್ಲ ಬೆವರಿ ಒಳಗೆ ಬಂದೆ.

ವ್ಯಾಯಾಮದಾಕೆ ಒಂದು ಉಪಾಯ ಹೇಳಿದ್ದಾರೆ. ನೀನು ಅಂದು ಕೂಗಿದ ಪದ ಯಾವುದೋ ಅದನ್ನೇ ನನ್ನ ಹೆಂಡತಿ ಹಿಂದಿನಿಂದ ಕೂಗಬೇಕು, ನಾನು ಹಾಡು ಕೇಳುತ್ತ ನಡೆಯುತ್ತಿರಬೇಕು, ಕೇಳಿದ ಕೂಡಲೇ ನಿಲ್ಲಬೇಕು. ನೂರು ಸಲ ಮಾಡಿದರೆ ಭಯ ಬಿಡುತ್ತದಂತೆ. ಹಾಗಾಗಿ ಕೇಳುತ್ತಿದ್ದೇನೆ. ನೀನು ಏನೆಂದು ಕೂಗಿದೆ? 'ಭಾವ' ಅಂತಲೋ, 'ನಿಲ್ಲಿ' ಅಂತಲೋ, 'ಗಾಡಿ' ಅಂತಲೋ? ಎಷ್ಟು ಸಲ?

ನಿನ್ನ ಭಾವ


ಮಾರ್ಚ್ ೨೬

ಭಾವನವರಿಗೆ,

ಸರಿಯಾಗಿ ನೆನಪಿಲ್ಲ. ಗಾಬರಿಯಲ್ಲಿ ಏನೋ ಕೂಗಿರುತ್ತೇನೆ. ಯಾವ ಪದವಾದರೂ ನಡೆಯುತ್ತದೆ ಅಲ್ಲವೇ?

ಪ್ಲೇಯರ್ ಒದ್ದೆಯಾದರೆ ಬಟ್ಟೆಯಲ್ಲಿ ಒರೆಸಿ, ಆರಿದ ಮೇಲೆ ಚಾರ್ಜಿಗೆ ಹಾಕಿ.

ನಿಮ್ಮ ಭಾಮೈದ


ಏಪ್ರಿಲ್ ೨

ಚಿಗರೆ,

ನಡೆಯುವುದಿಲ್ಲ. ನಿನ್ನ ಅಕ್ಕ ಒಂದು ವಾರದಿಂದ ಎಲ್ಲ ಪದ ಕೂಗುತ್ತಿದ್ದಾಳೆ. ಭಾವ ಅಂತ ನನ್ನನ್ನು ಕರೆಯಲು ಅವಳಿಗೆ ನಗು, ಆದರೂ ಕೂಗಿದಳು. ನಿಲ್ಲಿ, ಗಾಡಿ, ಅಯ್ಯೋ, ಏಯ್. ಎಲ್ಲವೂ ಕೇಳುತ್ತವೆ. ಹಳೆಯ ಇಯರ್‌ಫೋನ್ ಒಂದನ್ನು ಹುಡುಕಿ ಫೋನಿಗೆ ಸಿಕ್ಕಿಸಿ, ಕಿವಿಗೆ ಚುಚ್ಚಿ ಜೋರಾಗಿ ಹಾಡು ಹಾಕಿಕೊಂಡೂ ನೋಡಿದೆ, ಆಗಲೂ ಕೇಳಿತು. ಹಾಗಾದರೆ ನನಗೆ ಕೇಳದೆ ಹೋದ ಆ ಪದ ಯಾವುದು? ನನ್ನ ಕಿವಿಗೆ ಬೀಳದ ಯಾವುದೋ ಒಂದು ಪದ ಇದೆ, ಅದು ರಸ್ತೆಯಲ್ಲಿ ಕಾಯುತ್ತಿದೆ ಅನ್ನಿಸಿಬಿಟ್ಟಿದೆ. ಹುಚ್ಚು ಅನ್ನು. ಆದರೆ ನೆನಪು ಮಾಡಿಕೊಂಡು ಬರೆ. ನಿನಗೆ ಕೈ ಮುಗಿಯುತ್ತೇನೆ.

ಭಾವ


ಏಪ್ರಿಲ್ ೧೧

ಭಾವ,

ಈ ಕಾಗದ ಜೋರಾಗಿ ಓದಬೇಡಿ. ಅಕ್ಕ ಪಕ್ಕದಲ್ಲಿದ್ದರೆ ಇಲ್ಲಿಗೇ ನಿಲ್ಲಿಸಿ, ಮಡಿಸಿ ಇಟ್ಟು, ಒಬ್ಬರೇ ಇದ್ದಾಗ ಓದಿ.

ನಾನು ಕೂಗಲಿಲ್ಲ.

ಈ ಎರಡು ಪದ ಬರೆಯಲು ನನಗೆ ಹತ್ತು ತಿಂಗಳು ಹಿಡಿಯಿತು. ಲಿಫ್ಟಿನ ಮಷೀನ್ ರೂಮಿನಲ್ಲಿ ಗ್ರೀಸು ಮೆತ್ತಿದ ಕೈಯಲ್ಲಿ ಕೂತು ಬರೆಯುತ್ತಿದ್ದೇನೆ. ಕೆಳಗೆ ಯಾರೋ ಬಟನ್ ಒತ್ತಿ ಒತ್ತಿ ಬಯ್ಯುತ್ತಿದ್ದಾರೆ, ಬಯ್ಯಲಿ.

ಅಂದು ಕಿವಿಯ ಸರದಿ ನನ್ನದು. ಅದಕ್ಕೂ ಮೂರು ವಾರ ಹಿಂದೆ ನಾನು ಒಂದು ಚಿಕ್ಕ ಪ್ಲೇಯರ್ ತೊಗೊಂಡಿದ್ದೆ, ಕೋಟಿನ ಗುಂಡಿಯಷ್ಟು. ನನ್ನ ಸರದಿಯಲ್ಲಿ ಬೇಜಾರಾಗುತ್ತಿತ್ತು ಭಾವ. ನಿಮ್ಮ ಬೆನ್ನು ನೋಡಿಕೊಂಡು, ಚಪ್ಪಾಳೆ ತಟ್ಟಿದ ಹಾಗೆ ಬೀಳುವ ನಮ್ಮ ಬೂಟಿನ ಸದ್ದು ಕೇಳಿಕೊಂಡು ಓಡುವುದು. ಮೊದಲು ಒಂದೇ ಕಿವಿಗೆ ಹಾಕಿದೆ, ಟೋಪಿಯ ಒಳಗೆ. ನಿಮಗೆ ಗೊತ್ತಾಗಲಿಲ್ಲ. ಎರಡನೇ ವಾರ ಎರಡೂ ಕಿವಿಗೆ. ಕಣ್ಣಿದೆಯಲ್ಲ, ಸಾಕು ಅಂದುಕೊಂಡೆ.

ಆ ಬೆಳಿಗ್ಗೆ ಬೇಕರಿ ಓಣಿಯ ಹತ್ತಿರ ನನಗೆ ಬೇಡದ ಹಾಡು ಬಂತು. ಬದಲಿಸಲು ಬಟನ್ ಸಿಗಲಿಲ್ಲ. ಜೇಬಿನಿಂದ ತೆಗೆದು ಕೆಳಗೆ ನೋಡಿದೆ. ಹುಡುಕಿ ಒತ್ತಿ ತಲೆ ಎತ್ತಿದಾಗ ವ್ಯಾನು ನಿಂತಿತ್ತು, ನೀವು ಬಿದ್ದಿದ್ದಿರಿ. ವ್ಯಾನು ಹಿಂದೆ ಬರುವಾಗ ಬೀಪ್ ಬೀಪ್ ಅನ್ನುವ ಸದ್ದು ಇರುತ್ತದಲ್ಲ, ಅದು ಕೆಟ್ಟಿತ್ತಂತೆ. ಅಲ್ಲಿ ಸದ್ದು ಮಾಡಬೇಕಾದವನು ನಾನೊಬ್ಬನೇ.

ಆಸ್ಪತ್ರೆಯ ಬಾಗಿಲಲ್ಲಿ ಅಕ್ಕ ಓಡಿ ಬಂದು, "ನೀನು ಕೂಗ್ಲಿಲ್ವೇನೋ?" ಅಂದಳು. "ಕೂಗ್ದೆ ಅಕ್ಕ, ಕೇಳ್ಲಿಲ್ಲ ಅವರಿಗೆ," ಅಂದೆ. ಬಾಯಿಗೆ ಬಂದುಬಿಟ್ಟಿತು. ಆಮೇಲೆ ತಿದ್ದಲಾಗಲಿಲ್ಲ. ನಿಮಗೆ ಎಚ್ಚರವಾಗಿ ನೀವೇ ಹೇಳುತ್ತೀರಿ ಎಂದು ದಿನಾ ಹೆದರಿದೆ. ನಿಮಗೆ ನೆನಪೇ ಇಲ್ಲ ಎಂದು ಗೊತ್ತಾದ ದಿನ ಸಮಾಧಾನವಾಯಿತು. ಆ ಸಮಾಧಾನ ಪಟ್ಟ ಮುಖ ಕನ್ನಡಿಯಲ್ಲಿ ನೋಡಿ ವರ್ಗಕ್ಕೆ ಅರ್ಜಿ ಹಾಕಿದೆ.

ನಿಮ್ಮ ಕಿವಿಗೆ ಏನೂ ಆಗಿಲ್ಲ. ಅಂದೂ ಆಗಿರಲಿಲ್ಲ. ಕೂಗಿದ್ದರೆ ನಿಂತಿರುತ್ತಿದ್ದಿರಿ. ಇದನ್ನು ಹೇಳದೆ ನಿಮಗೆ ಬಟನ್ನಿನ ಪಾಠ ಹೇಳಿದೆ. ಕ್ಷಮಿಸಿ ಎಂದು ಕೇಳಲು ಬಾಯಿಲ್ಲ.

ನಿಮ್ಮ
ಭಾಮೈದ


ಏಪ್ರಿಲ್ ೨೩

ಚಿಗರೆ,

ನಿನ್ನ ಕಾಗದ ಬಂದಾಗ ನಿನ್ನ ಅಕ್ಕ ಬಟ್ಟೆ ಮಡಿಸುತ್ತಿದ್ದಳು. "ಓದಿ," ಅಂದಳು. ಮೊದಲ ಸಾಲಿಗೇ ಕಣ್ಣು ನಿಂತಿತು. ಆಮೇಲೆ ಏನಾಯಿತೋ, ನಾನು ಓದಲು ಶುರು ಮಾಡಿದೆ, ಇಲ್ಲದ ಕಾಗದವನ್ನು. ಭಾವನವರಿಗೆ ನಮಸ್ಕಾರ, ಬ್ಯಾಟರಿ ಹದಿನೆಂಟು ಗಂಟೆ ಬರುತ್ತಿದೆಯೇ, ಇಲ್ಲಿ ಲಿಫ್ಟಿನ ಹಗ್ಗ ಬದಲಿಸುತ್ತಿದ್ದೇವೆ, ಅಕ್ಕನ ಮಂಡಿನೋವು ಹೇಗಿದೆ, ಹೀಗೆಲ್ಲ. ಬಾಯಲ್ಲಿ ಅದು, ಕಣ್ಣಲ್ಲಿ ನಿನ್ನ ಮಷೀನ್ ರೂಮು. ಮುಗಿಸಿ ಮಡಿಸಿದೆ.

ಅವಳು ಮಡಿಸುತ್ತಿದ್ದ ಅಂಗಿ ಕೆಳಗಿಟ್ಟಳು. "ರೀ, ಇಷ್ಟು ದಿನ ಒಂದು ಸಾಲಿಗೆ ನಾಲ್ಕು ಕಡೆ ನಿಲ್ತಿದ್ರಿ. ಇವತ್ತು ಎಲ್ಲೂ ನಿಲ್ಲಲೇ ಇಲ್ಲ. ಕಾಗದ ಕೊಡಿ ಇಲ್ಲಿ."

ಕೊಟ್ಟೆ. ಇನ್ನೇನು ಮಾಡಲಿ?

ನಿನ್ನನ್ನು ಕಾಪಾಡಲು ಹೊರಟದ್ದು ಪ್ರೀತಿಯಿಂದಲೋ ಅಭ್ಯಾಸದಿಂದಲೋ ತಿಳಿಯದು. ಸಿಟ್ಟು ಬಂದಿರುವುದು ಮಾತ್ರ ನಿಜ. ವ್ಯಾನಿನ ಕೆಳಗೆ ಬಿದ್ದದ್ದಕ್ಕಲ್ಲ. ನನ್ನ ಸರದಿಯಲ್ಲಿ ನಾನು ಎಷ್ಟು ಸಲ ಅಂಗಡಿಯ ಚಿಂತೆಯಲ್ಲಿ ಮೈಮರೆತು ಓಡಿಲ್ಲ? ನಿನ್ನ ಪುಣ್ಯ, ಗಾಡಿ ಬರಲಿಲ್ಲ. ಆದರೆ ಹತ್ತು ತಿಂಗಳು ನನ್ನನ್ನು ಕಿವುಡನನ್ನಾಗಿ ಮಾಡಿ ಮನೆಯಲ್ಲಿ ಕೂರಿಸಿದೆಯಲ್ಲ, ಅದಕ್ಕೆ. ನಾನು ಕೇಳಿದ್ದು ಒಂದು ಪದ. ಅದಿಲ್ಲ ಎಂದು ಮೊದಲ ದಿನವೇ ಹೇಳಿದ್ದರೆ ನಿನ್ನನ್ನು ಎರಡು ಬಯ್ದು ಗೇಟು ದಾಟಿರುತ್ತಿದ್ದೆ.

ಸದ್ಯಕ್ಕೆ ಉತ್ತರ ಬರೆಯಬೇಡ. ಟೀಚರಮ್ಮನಿಗೆ ಬೇರೆ ಯಾರದಾದರೂ ಕಾಗದ ಓದಿ ತೋರಿಸುತ್ತೇನೆ.

ಭಾವ


ಮೇ ೧೪

ತಮ್ಮ,

ನಾನು ಕಾಗದ ಬರೆಯುವವಳಲ್ಲ, ನಿನಗೆ ಗೊತ್ತು. ಇದನ್ನೂ ಬರೆಯಬಾರದು ಎಂದು ಎರಡು ದಿನ ಒದ್ದಾಡಿದೆ.

ನಿನ್ನ ಮೇಲಿನ ಸಿಟ್ಟು ಇಳಿದಿಲ್ಲ. ಹತ್ತು ತಿಂಗಳಲ್ಲಿ ನಾನು ಅವರಿಗೆ ಏನೇನು ಅಂದೆ, ನಿನಗೆ ಗೊತ್ತಿಲ್ಲ. ಊಟದ ತಟ್ಟೆ ಕೈಜಾರಿದರೆ, "ಅಷ್ಟು ಜೋರಾಗಿ ಹಾಡು ಕೇಳಿದ್ರಲ್ಲ, ಅನುಭವಿಸಿ," ಅಂದಿದ್ದೇನೆ. ರಾತ್ರಿ ಅವರು ಕಾಲು ನೋವು ಎಂದು ನರಳಿದರೆ ಆ ಕಡೆ ತಿರುಗಿ ಮಲಗಿದ್ದೇನೆ. ಅವರು ಒಂದು ದಿನವೂ ತಿರುಗಿ ಮಾತಾಡಲಿಲ್ಲ, ತಪ್ಪು ತನ್ನದೇ ಎಂದು ನಂಬಿದ್ದರು. ಆ ಮಾತುಗಳನ್ನೆಲ್ಲ ಈಗ ನಾನು ಹೇಗೆ ವಾಪಸ್ ತೊಗೊಳ್ಳಲಿ? ನೀನು ಸುಳ್ಳು ಹೇಳಿದ್ದು ಒಂದು ಸಲ. ನಾನು ಅದನ್ನು ದಿನಾ ಅವರ ತಲೆಗೆ ಕುಟ್ಟಿದೆ.

ನೀನು ಬರಬಹುದೋ ಬಾರದೋ ಎಂದು ಅವರನ್ನು ಕೇಳಿದೆ. "ನಿನ್ನ ತಮ್ಮ, ನೀನೇ ಹೇಳು," ಅಂದರು. ನನ್ನಿಂದ ಇನ್ನೂ ಹೇಳಲಾಗುತ್ತಿಲ್ಲ. ಹೇಳುವ ಹಾಗಾದ ದಿನ ಬರೆಯುತ್ತೇನೆ. ಅಲ್ಲಿಯವರೆಗೆ ಬಂದು ಬಾಗಿಲಲ್ಲಿ ನಿಂತು ನನ್ನನ್ನು ಕಷ್ಟಕ್ಕೆ ಸಿಕ್ಕಿಸಬೇಡ.

ಆದರೆ ಒಂದು ವಿಷಯ ನಿನಗೆ ತಿಳಿದಿರಬೇಕು, ಅದಕ್ಕೇ ಪೆನ್ನು ಹಿಡಿದದ್ದು. ಮೊನ್ನೆ ಬೆಳಿಗ್ಗೆ ಎಂಟು ಗಂಟೆಗೆ ಅವರು ನಾನು ಕೇಳುವ ಮೊದಲೇ ಬೂಟು ಹಾಕಿದರು, ಪ್ಲೇಯರ್ ಎದೆಗೆ ಸಿಕ್ಕಿಸಿಕೊಂಡರು, ಗೇಟು ತೆಗೆದು ನಡೆದೇಬಿಟ್ಟರು. ತರಕಾರಿ ಚೀಲ ಹಿಡಿದುಕೊಂಡು ನಾನು ಇಪ್ಪತ್ತು ಹೆಜ್ಜೆ ಹಿಂದೆ ಹೋದೆ. ಅವರು ಹತ್ತಿದ ಬಸ್ಸಿಗೇ ಹಿಂದಿನ ಬಾಗಿಲಿಂದ ಹತ್ತಿದೆ. ಅವರು ನೋಡಲಿಲ್ಲ. ಇಳಿದ ಮೇಲೆ ರಸ್ತೆ ಬದಿ ಹಿಡಿದು ಕೋಲೂರಿ ತಾಳಕ್ಕೆ ಸರಿಯಾಗಿ ನಡೆಯುತ್ತಿದ್ದರು. ಹಿಂದಿನಿಂದ ಸೈಕಲ್ಲಿನಲ್ಲಿ ಉದ್ದುದ್ದ ನಲ್ಲಿ ಪೈಪು ಕಟ್ಟಿಕೊಂಡು ಪ್ಲಂಬರ್ ಒಬ್ಬ ಬಂದ. ಕೂಗಬೇಕು ಎಂದು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವನು ಒಂದು ಸಲ ಬೆಲ್ಲು ಹೊಡೆದ. ಇವರು ಪಕ್ಕಕ್ಕೆ ಸರಿದು, ಗೋಡೆಗೆ ಕೈಯಿಟ್ಟು ನಿಂತರು. ಸೈಕಲ್ಲು ಹಾದುಹೋಯಿತು. ಇವರು ಅಲ್ಲೇ ಗೋಡೆಗೆ ಹಣೆ ಒತ್ತಿ ಬಿಕ್ಕಿ ಬಿಕ್ಕಿ ಅಳಲು ಶುರು ಮಾಡಿದರು.

ಪ್ಲಂಬರ್ ಹೆದರಿ ಇಳಿದು ಬಂದ. "ಏನ್ ಸಾರ್, ಪೈಪ್ ತಗುಲ್ತಾ?"

"ಇಲ್ಲಪ್ಪ," ಅಂದರು ಇವರು. "ಬೆಲ್ಲು ಕೇಳಿಸ್ತು."

"ಕೇಳಿಸ್ಲಿ ಅಂತಾನೇ ಅಲ್ವಾ ಸಾರ್ ಹೊಡೆಯೋದು," ಎಂದು ಅವನು ಸೈಕಲ್ಲು ಹತ್ತಿ ಹೊರಟುಹೋದ. ಇವರು ಅಂಗಿಯ ತೋಳಿಗೆ ಮೂಗು ಒರೆಸಿಕೊಂಡು, ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ ರಸ್ತೆ ದಾಟಿ, ಅಂಗಡಿಯವರೆಗೂ ನಡೆದರು.

ಅಕ್ಕ